ಸೋಮವಾರ ನೋಡಿದ ಮನೆ

ಸಲೂನಿನಲ್ಲಿ ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಕೈಯಲ್ಲೊಂದು, ಬಾಯಲ್ಲೊಂದು ಎಂಬುದು ಮಾಲೀಕಳ ವಿವರಣೆ. ವಯಸ್ಸು ಇಪ್ಪತ್ತನಾಲ್ಕು, ಆರು ವರ್ಷದಿಂದ ಅದೇ ಕನ್ನಡಿಯ ಮುಂದೆ ಕೆಲಸ. ಕೂದಲು ಕತ್ತರಿಸುವವರ ಎದುರು ಜನ ಡಾಕ್ಟರಿಗೆ ಹೇಳದ್ದನ್ನೂ ಹೇಳುತ್ತಾರೆ. ಕುತ್ತಿಗೆಯವರೆಗೆ ಬಟ್ಟೆ ಹೊದಿಸಿ ಕೂರಿಸಿದ ಮೇಲೆ ಏಳುವಂತಿಲ್ಲ, ಕೈ ಆಡಿಸುವಂತಿಲ್ಲ. ಮಾತಾಡದೆ ಇನ್ನೇನು ಮಾಡಿಯಾರು? ಹಾಗೆ ಕಿವಿಗೆ ಬಿದ್ದ ಸಾವಿರ ಮಾತಿನಲ್ಲಿ ಅವಳು ಗಂಟು ಕಟ್ಟಿ ಇಟ್ಟುಕೊಂಡದ್ದು ಒಬ್ಬ ಅಜ್ಜಿಯದು. ಆ ಅಜ್ಜಿಗೆ ಬಾಡಿಗೆಗೆ ಕೊಟ್ಟ ಮನೆಗಳಿದ್ದವು.

"ಮೊದಲನೇದು ಚಿಕ್ಕದೇ ಇರಲಿ ಮಗಳೇ," ಎಂದಿದ್ದರು ಅಜ್ಜಿ. "ನೀನು ಇರೋದಕ್ಕಲ್ಲ, ಅದು ನಿನಗೋಸ್ಕರ ದುಡಿಯೋದಕ್ಕೆ. ಮನೆ ಹಗಲೂ ರಾತ್ರಿ ನಿಂತೇ ಇರುತ್ತೆ, ಆದರೆ ಅದಕ್ಕೆ ಕಾಲು ನೋಯಲ್ಲ."

ಕಾಲು ನೋಯಲ್ಲ ಎಂಬ ಮಾತು ಅವಳಿಗೆ ನಾಟಿತು. ಅವಳ ಅಮ್ಮ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳು. ಬೆಳಕು ಹರಿಯುವ ಮೊದಲೇ ಹೋಗಿ ಒಲೆಯ ಮುಂದೆ ನಿಂತರೆ ಮತ್ತೆ ಕೂರುವುದು ಮನೆಗೆ ಬಂದ ಮೇಲೆಯೇ. ಸಂಜೆ ಊದಿದ ಪಾದದ ಮೇಲೆ ಚಪ್ಪಲಿ ಪಟ್ಟಿಯ ಗುರುತು ಮೂಡಿರುತ್ತಿತ್ತು. ಇಬ್ಬರ ಸಂಬಳದಲ್ಲಿ ಸಂಸಾರ ನಡೆಯುತ್ತಿತ್ತು, ಒಬ್ಬರದರಲ್ಲಿ ನಡೆಯುತ್ತಿರಲಿಲ್ಲ. ಎಲ್ಲಿಂದಲಾದರೂ ತಿಂಗಳಿಗೊಂದು ಬಾಡಿಗೆ ಬಂದರೆ ಅಮ್ಮನನ್ನು ಆ ಒಲೆಯಿಂದ ಬಿಡಿಸಬಹುದು. ಹುಡುಗಿಯ ತಲೆಯಲ್ಲಿ ಇದ್ದದ್ದು ಇಷ್ಟೇ. ಶ್ರೀಮಂತಳಾಗುವ ಹುಚ್ಚು ಆಮೇಲೆ ಬೇಕಾದರೆ ಹಿಡಿಯಬಹುದು ಎಂದುಕೊಂಡಿದ್ದಳು.

ಅಮ್ಮ ಹೆಚ್ಚು ಮಾತಾಡದೆ ತನ್ನ ಉಳಿತಾಯವನ್ನೆಲ್ಲ ಮಗಳ ಉಳಿತಾಯಕ್ಕೆ ಸೇರಿಸಿದಳು. ಮಾತಾಡಿದವನು ಮಾವ, ಅಮ್ಮನ ತಮ್ಮ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ ದೊಡ್ಡವರು. ನೀನು ಎರಡನ್ನೂ ಬಿಟ್ಟು ಮನೆ ಕೊಂಡು ನೋಡ್ತೀನಿ ಅಂತೀಯಲ್ಲೇ. ಸುಮ್ನೆ ಬ್ಯಾಂಕಲ್ಲಿಡು."

"ಬ್ಯಾಂಕಿನ ಬಡ್ಡಿ ನೋಡಿದೀಯಾ ಮಾವ? ಅಕ್ಕಿ ತರೋ ಹೊತ್ತಿಗೆ ಮುಗಿದುಹೋಗುತ್ತೆ."

ಆ ಊರಿನ ಅಂಗಡಿಗಳಿಗೆಲ್ಲ ಸೋಮವಾರ ರಜೆ, ಸಲೂನಿಗೂ ಅದೇ ದಿನ. ಹಾಗಾಗಿ ಅವಳು ಮನೆ ನೋಡಲು ಹೋಗುತ್ತಿದ್ದದ್ದು ಸೋಮವಾರ ಮಾತ್ರ. ಬಹಳ ಅಲೆದ ಮೇಲೆ ಹಳೆ ಪೇಟೆ ಬೀದಿಯಲ್ಲೊಂದು ಸಿಕ್ಕಿತು. ಮೊದಲ ಮಹಡಿಯಲ್ಲಿ ಉದ್ದನೆಯ ಕೋಣೆ, ಮೂಲೆಯಲ್ಲಿ ಅಡುಗೆಗೆ ಜಾಗ, ಬಚ್ಚಲು, ಬೀದಿಗೆ ತೆರೆಯುವ ಎರಡು ಕಿಟಕಿ. ಗೋಡೆ ತಟ್ಟಿ ನೋಡಿದಳು, ನಲ್ಲಿ ತಿರುಗಿಸಿದಳು, ಕಾಗದಪತ್ರ ವಕೀಲರಿಗೆ ತೋರಿಸಿದಳು. ಬೆಲೆ ಅವಳೆಣಿಸಿದ್ದಕ್ಕಿಂತ ಕಡಿಮೆ. ಬೀದಿಯಂತೂ ಅದೆಷ್ಟು ತಣ್ಣಗಿತ್ತೆಂದರೆ ಪಾರಿವಾಳದ ಗುಟುರು ಕೇಳುತ್ತಿತ್ತು.

"ಕೆಳಗಡೆ ಯಾರಿರೋದು?" ಎಂದು ಮುಚ್ಚಿದ ಷಟರ್ ತೋರಿಸಿ ಕೇಳಿದಳು.

"ಮರಗೆಲಸದವರು. ತುಂಬಾ ಒಳ್ಳೇ ಜನ," ಎಂದ ದಲ್ಲಾಳಿ. ಅವನ ಮಾತಿನಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ. ಕಿಟಕಿ ಬಾಗಿಲು ರಿಪೇರಿಗೆ ಅನುಕೂಲವಾಯಿತು ಎಂದು ಇವಳು ಖುಷಿಪಟ್ಟಳು. ಮನೆ ಅವಳ ಹೆಸರಿಗೆ ಆಯಿತು.

ಹೊಸದಾಗಿ ಮದುವೆಯಾದ ಜೋಡಿಯೊಂದು ಸೋಮವಾರವೇ ಬಾಡಿಗೆಗೆ ಬಂತು. ಮಂಗಳವಾರ ಬೆಳಿಗ್ಗೆ ಸಲೂನಿನಲ್ಲಿ ಫೋನ್ ರಿಂಗಾಯಿತು.

"ಏನಂದ್ರಿ? ಕೇಳಿಸ್ತಾ ಇಲ್ಲ, ಸ್ವಲ್ಪ ಜೋರಾಗಿ ಹೇಳಿ," ಎಂದಳು ಕತ್ತರಿ.

"ಅದನ್ನೇ ಮೇಡಂ ಹೇಳ್ತಾ ಇರೋದು," ಎಂದು ಆ ಕಡೆಯಿಂದ ಗಂಡಸು ಕೂಗಿದ. ಅವನ ಹಿಂದೆ ಮರ ಕೊಯ್ಯುವ ಮಿಷನ್ನು ಅರಚುತ್ತಿತ್ತು.

ಜೋಡಿ ವಾರದೊಳಗೆ ಗಂಟುಮೂಟೆ ಕಟ್ಟಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ರಜೆಯ ದಿನ ಬಿಟ್ಟು ಬೇರೆ ದಿನ ಮನೆ ನೋಡಬೇಕೆಂದು ಇಡೀ ಊರಿಗೆ ಬುದ್ಧಿ ಹೇಳುವಷ್ಟು ಜಾಣೆ, ತನ್ನ ಸರದಿ ಬಂದಾಗ ಸೋಮವಾರದ ಮೌನಕ್ಕೆ ಅಷ್ಟೂ ದುಡ್ಡು ಸುರಿದಿದ್ದಳು. ಮಾವ ಬಂದು ಬೈಯಲಿಲ್ಲ, ನಗಲೂ ಇಲ್ಲ. ಅದು ಅವಳಿಗೆ ಇನ್ನೂ ಕಷ್ಟವಾಯಿತು. ಅಮ್ಮ ಎಂದಿನಂತೆ ಕತ್ತಲಲ್ಲೇ ಎದ್ದು ಹೋಗುತ್ತಿದ್ದಳು. ಮಗಳು ಎಚ್ಚರವಿದ್ದರೂ ಕಣ್ಣು ಬಿಡುತ್ತಿರಲಿಲ್ಲ. ಅಮ್ಮನ ಮುಖ ನೋಡಲು ಅವಳಿಗೆ ನಾಚಿಕೆಯಾಗುತ್ತಿತ್ತು.

ದಲ್ಲಾಳಿ ಉಪಾಯ ಹೇಳಿಕೊಟ್ಟ. "ಸೋಮವಾರವೇ ತೋರಿಸಿ. ಅಡ್ವಾನ್ಸ್ ಕೈಗೆ ಬಂದಮೇಲೆ ಅವರ ಪಾಡು ಅವರಿಗೆ."

ಮುಂದಿನ ಸೋಮವಾರ ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಬಂದಳು. ಕಿಟಕಿ ನೋಡಿದಳು, ಬೆಳಕು ನೋಡಿದಳು. "ಇವನು ಸಣ್ಣ ಸದ್ದಾದರೂ ಏಳ್ತಾನೆ. ಇಲ್ಲಿ ಚೆನ್ನಾಗಿ ನಿದ್ದೆ ಮಾಡ್ತಾನೆ," ಎಂದು ಅಡ್ವಾನ್ಸಿಗೆ ಪರ್ಸ್ ತೆಗೆದಳು. ಕತ್ತರಿಯ ಬಾಯಿಯ ಕತ್ತರಿ ಅವತ್ತು ಮೊಂಡಾಗಿತ್ತು. ಅಮ್ಮನ ಪಾದ ಕಣ್ಣ ಮುಂದೆ ಬಂತು. ಆ ಕೂಸಿನ ಮುಖವೂ ಕಣ್ಣ ಮುಂದೆಯೇ ಇತ್ತು.

"ನಾಳೆ ಬಂದು ಇನ್ನೊಂದ್ಸಲ ನೋಡಿ ಅಕ್ಕ. ಕೆಳಗೆ ಮಿಷನ್ ಇದೆ, ಇವತ್ತು ರಜೆ," ಎಂದುಬಿಟ್ಟಳು.

ಆ ಅಕ್ಕ ಮತ್ತೆ ಬರಲಿಲ್ಲ. ಮನೆಗೆ ಹೋಗಿ ನಡೆದದ್ದನ್ನು ಹೇಳಿದಾಗ ಅಮ್ಮ, "ಒಳ್ಳೇದು ಮಾಡಿದೆ. ಇನ್ನೂ ಸ್ವಲ್ಪ ದಿನ ನಿಂತರೆ ನನಗೇನೂ ಆಗಲ್ಲ," ಎಂದಳು. ಹೇಳುವಾಗ ಅವಳು ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದಳು.

ಎರಡು ತಿಂಗಳು ಮನೆ ಖಾಲಿ ಬಿತ್ತು. ಆಮೇಲೊಂದು ದಿನ ಸಲೂನಿಗೆ ನಲವತ್ತು ದಾಟಿದ ಹೆಂಗಸು ಕೂದಲು ಗಿಡ್ಡ ಮಾಡಿಸಲು ಬಂದಳು. ಕೂತಲ್ಲೂ ಆಕೆಯ ಬೆರಳುಗಳು ಕುರ್ಚಿಯ ಕೈಯನ್ನು ತಟ್ಟುತ್ತಲೇ ಇದ್ದವು. ಮಕ್ಕಳಿಗೆ ಡ್ರಮ್ ಕಲಿಸುವ ಟೀಚರ್ ಅಂತೆ.

"ಮೂರನೇ ಮನೆ ಖಾಲಿ ಮಾಡಿಸಿದ್ರು ನೋಡಮ್ಮ," ಎಂದಳು ಟೀಚರ್. "ಬಾಡಿಗೆ ಸರಿಯಾಗಿ ಕೊಡ್ತೀನಿ. ಆದರೆ ಪಕ್ಕದವರಿಗೆ ತಲೆನೋವು, ಮೇಲಿನವರಿಗೆ ಪರೀಕ್ಷೆ. ನನ್ನ ಮಕ್ಕಳು ಎಲ್ಲಿ ಬಾರಿಸಬೇಕು ಹೇಳು?"

ಕನ್ನಡಿಯಲ್ಲಿ ಕತ್ತರಿಯ ಕೈ ನಿಂತದ್ದು ಟೀಚರಿಗೂ ಕಾಣಿಸಿತು.

ಸೋಮವಾರ ಬೇಡವೆಂದಳು ಹುಡುಗಿ. ಅರ್ಧ ದಿನ ರಜೆ ಕೇಳಿ, ಗುರುವಾರ ಮಧ್ಯಾಹ್ನ ಮಿಷನ್ನು ಭೋರೆನ್ನುವಾಗಲೇ ಕರೆದುಕೊಂಡು ಹೋದಳು. ಟೀಚರ್ ಕೋಣೆಯ ನಡುವೆ ನಿಂತು, ಕಿವಿ ಮುಚ್ಚಿಕೊಳ್ಳದೆ, ಕೆಳಗಿನ ಸದ್ದನ್ನು ಕೇಳಿಸಿಕೊಂಡಳು. ಆಮೇಲೆ ಇಬ್ಬರೂ ಇಳಿದು ಮರಗೆಲಸದವರನ್ನೇ ವಿಚಾರಿಸಿದರು. ಮೈತುಂಬ ಹೊಟ್ಟು ಮೆತ್ತಿಕೊಂಡಿದ್ದ ಮೇಸ್ತ್ರಿ ಮಿಷನ್ನು ನಿಲ್ಲಿಸಿ, "ಡ್ರಮ್ಮಾ? ಇಷ್ಟು ವರ್ಷ ಜನ ನಮ್ಮ ಮೇಲೆ ದೂರು ಹೇಳ್ತಿದ್ರು. ನಾವು ಯಾವ ಬಾಯಿಂದ ನಿಮ್ಮ ಮೇಲೆ ಹೇಳೋಣ," ಎಂದ.

ಟೀಚರ್ ಅಲ್ಲೇ ಅಡ್ವಾನ್ಸ್ ಕೊಟ್ಟಳು. ಮಕ್ಕಳ ಕ್ಲಾಸು ಸಂಜೆ, ಮಿಷನ್ನು ನಿಲ್ಲುವುದರೊಳಗೆ ಮುಗಿಯುತ್ತಿತ್ತು; ಆ ಅರಚಾಟದಲ್ಲಿ ಡ್ರಮ್ಮಿನ ಸದ್ದು ಬೀದಿಯವರಿಗೆ ಬೇರೆಯಾಗಿ ಕೇಳಿಸುತ್ತಲೇ ಇರಲಿಲ್ಲ. ಬಾಡಿಗೆ ಒಂದು ತಿಂಗಳೂ ತಪ್ಪಲಿಲ್ಲ. ಮಾವ ಒಮ್ಮೆ ನೋಡಲು ಹೋಗಿ, ಹೊರಗೆ ಬಂದು, "ಇಂಥ ಗದ್ದಲದಲ್ಲೂ ಲಕ್ಷ್ಮಿ ಬರ್ತಾಳೆ ಅಂತ ಗೊತ್ತಿರಲಿಲ್ಲ," ಎಂದ. ತಪ್ಪೊಪ್ಪಿಗೆ ಎಂದರೆ ಅವನಿಂದ ಅಷ್ಟೇ.

ಅರ್ಧ ವರ್ಷ ಕಾದು, ನಂಬಿಕೆ ಬಂದ ಮೇಲೆ, ಅಮ್ಮ ಹಾಸ್ಟೆಲಿನ ಕೆಲಸ ಬಿಟ್ಟಳು. ಮರುದಿನ ಕತ್ತಲಿರುವಾಗಲೇ ಎದ್ದು ಮುಖ ತೊಳೆದು, ತಲೆ ಬಾಚಿ, ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಮಗಳು ಈ ಸಲ ಕಣ್ಣು ಮುಚ್ಚಿಕೊಳ್ಳಲಿಲ್ಲ.

"ಎಲ್ಲಿಗಮ್ಮ ಹೊರಟೆ?"

ಅಮ್ಮ ಚಿಲಕ ಬಿಟ್ಟು ತಿರುಗಿದಳು. "ಎಲ್ಲಿಗೂ ಇಲ್ಲ," ಎಂದಳು. ಆ ಮಾತು ಬಾಯಿಗೆ ಹೊಸದು. ಇನ್ನೊಂದು ಸಲ ಹೇಳಿ ನೋಡಿದಳು, "ಎಲ್ಲಿಗೂ ಇಲ್ಲ ಕಣೇ." ಆಮೇಲೆ ಬಂದು, ಮಗಳನ್ನು ಪಕ್ಕಕ್ಕೆ ಸರಿಸಿ, ಹೊದಿಕೆಯ ಅರ್ಧ ಎಳೆದುಕೊಂಡು, ಬಿಸಿಲು ಕಿಟಕಿಗೆ ಬರುವವರೆಗೆ ಕಾಲು ಚಾಚಿ ಮಲಗಿದಳು.