ಅಧ್ಯಕ್ಷರ ರಷ್ಯನ್ ಪುಸ್ತಕ

ಶಿರಸಿಯ ನಮ್ಮ ಓದುಗರ ಬಳಗದ ಅಧ್ಯಕ್ಷರ ಹತ್ತಿರ ಒಂದು ಹಳೆಯ ರಷ್ಯನ್ ಕಿರುಕಾದಂಬರಿ ಇತ್ತು. ಕುರ್ಚಿ ಸಿಕ್ಕವರ ಗತ್ತನ್ನು ಗೇಲಿ ಮಾಡುವ ಕಥೆ; ಕನ್ನಡಕ್ಕೆ ಅನುವಾದವಾಗಿ, ಮಾಸ್ಕೋದಲ್ಲೇ ಅಚ್ಚಾಗಿ ಬಂದದ್ದು. ನಿವೃತ್ತ ಪ್ರಾಂಶುಪಾಲರಾದ ಅವರು ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದರು. ಉಮ್ಮಚಗಿಯಲ್ಲಿ ರೈತರ ಎದುರು ಗೊಬ್ಬರದ ಬಗ್ಗೆ ಮಾತಾಡಲು ಹೋದರೂ ಅವರ ಭಾಷಣ ಆ ಕಾದಂಬರಿಗೆ ಬಂದೇ ಬರುತ್ತಿತ್ತು. "ನಗು ಅಧಿಕಾರವನ್ನು ನಡುಗಿಸುತ್ತದೆ" ಎಂದು ಹೇಳಿ ಚಪ್ಪಾಳೆಗೆ ಕಾಯುತ್ತಿದ್ದರು. ಅವರೆದುರು ನಗುವ ಧೈರ್ಯ ಮಾತ್ರ ನಮಗ್ಯಾರಿಗೂ ಇರಲಿಲ್ಲ.

ನಾನು ಸಿದ್ದಾಪುರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಹಿಂದಿ ಕಲಿಸುವವಳು. ಓದಿ ಕೊಡುತ್ತೇನೆಂದು ಪುಸ್ತಕ ಕೇಳಿದಾಗಲೆಲ್ಲ, "ಅದು ಓದುವ ಪುಸ್ತಕವಲ್ಲಮ್ಮ, ಕಾಪಾಡುವ ಪುಸ್ತಕ" ಅನ್ನುತ್ತಿದ್ದರು.

ಕಳೆದ ವರ್ಷ ಒಂದು ಭಾನುವಾರ ಆ ಪುಸ್ತಕದ ಮೇಲೆಯೇ ಅವರ ವಿಶೇಷ ಉಪನ್ಯಾಸ ಇತ್ತು. ಯಲ್ಲಾಪುರದಿಂದ, ಬಳಗದವಳೇ ಆದ ನನ್ನ ಗೆಳತಿಯೂ ಬಂದಿದ್ದಳು. ಮನೆಯವರ ಲಾರಿಗಳ ವ್ಯವಹಾರವನ್ನೆಲ್ಲ ಅವಳೇ ನೋಡಿಕೊಳ್ಳುವುದರಿಂದ ಯಾರ ಜೋರಿಗೂ ಹೆದರುವವಳಲ್ಲ. ಉಪನ್ಯಾಸ ಮುಗಿದದ್ದೇ ಎದ್ದು ನಿಂತಳು.

"ಸರ್, ಎರಡು ಪುಟ ಓದಿ ಹೇಳಿ. ನಾವೂ ಒಂಚೂರು ನಗ್ತೇವೆ."

"ಓದುವ ಕನ್ನಡಕ ಮನೆಯಲ್ಲೇ ಉಳಿಯಿತು" ಎಂದರು ಅಧ್ಯಕ್ಷರು, ಮೂಗಿನ ಮೇಲಿದ್ದ ಕನ್ನಡಕ ಸರಿಮಾಡಿಕೊಳ್ಳುತ್ತ.

"ಇವಳು ಓದ್ತಾಳೆ ಬಿಡಿ" ಎಂದು ಗೆಳತಿ ನನ್ನನ್ನು ವೇದಿಕೆಗೆ ದಬ್ಬಿದಳು.

ಪುಸ್ತಕ ತೆರೆದೆ. ಮುನ್ನುಡಿ ತೆರೆಯಿತು, ಕಥೆ ತೆರೆಯಲಿಲ್ಲ. ಅಚ್ಚುಕೂಟದವರು ಅಂಚು ಕತ್ತರಿಸುವುದನ್ನೇ ಮರೆತಿದ್ದರು. ಮುನ್ನುಡಿಯ ಮಡಿಕೆಗಳನ್ನಷ್ಟೇ ಯಾರೋ ಸೀಳಿದ್ದರು; ಮಿಕ್ಕ ಪುಟಗಳು ಮಡಿಕೆ ಮಡಿಕೆಯಾಗಿ ಅಂಟಿಕೊಂಡೇ ಇದ್ದವು. ನಗುವಿಗೆ ಅಧಿಕಾರ ನಡುಗುವ ಆ ವಾಕ್ಯವೂ ಮುನ್ನುಡಿಯದೇ.

"ಸರ್, ಪುಟ ಬಿಚ್ಚೇ ಇಲ್ಲ."

ಅಧ್ಯಕ್ಷರು ಅಳುಕಲಿಲ್ಲ. "ಬೇಕೆಂದೇ ಹಾಗೆ ಇಟ್ಟಿದ್ದೇನೆ. ಅಪರೂಪದ ಪ್ರತಿಯ ಮೂಲರೂಪ ಕೆಡಿಸಬಾರದು" ಎಂದರು. ಬಳಗದ ಕಾರ್ಯದರ್ಶಿ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಓದದೇ ಇರುವುದಕ್ಕೂ ಇಷ್ಟು ಮರ್ಯಾದೆ ಸಿಗುವುದನ್ನು ನಾನು ಅಲ್ಲೇ ಮೊದಲು ಕಂಡದ್ದು.

ಅತಿಥಿಗಳಿಗೆಂದು ಇಟ್ಟಿದ್ದ ಹಣ್ಣಿನ ತಟ್ಟೆಯಲ್ಲಿ ಚಾಕು ಇತ್ತು. ಕೈಗೆತ್ತಿಕೊಂಡು ಮೊದಲ ಮಡಿಕೆ ಸೀಳಿದೆ. ಅಧ್ಯಕ್ಷರ ಸಭಾಭಾಷೆ ಎಲ್ಲಿ ಹೋಯಿತೋ, ಮನೆಮಾತೇ ಹೊರಬಿತ್ತು!

"ಏ ತಂಗಿ, ಎಂತ ಮಾಡ್ತೆ ನೀನು? ಮುಟ್ಟಡ ಅದ್ನ!"

ನಾನು ಓದತೊಡಗಿದೆ. ತಾನು ಒಳಗೆ ಬಂದರೆ ಮೇಜು ಕುರ್ಚಿಗಳೂ ಎದ್ದು ನಿಲ್ಲಬೇಕೆಂದು ಬಯಸುವ ಅಧಿಕಾರಿಯೊಬ್ಬನ ವರ್ಣನೆ ಅದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಒಬ್ಬೊಬ್ಬರೇ ಅಧ್ಯಕ್ಷರ ಕಡೆ ನೋಡುವುದು, ಬಾಯಿಗೆ ಕರವಸ್ತ್ರ ಒತ್ತಿಕೊಳ್ಳುವುದು ಶುರುವಾಯಿತು. ಕಾರ್ಯದರ್ಶಿಯಂತೂ ಕೆಮ್ಮಿನ ನೆಪದಲ್ಲಿ ಹೊರಗೇ ಓಡಿದರು. ಭಯವಾಗಿತ್ತು ನನಗೆ, ಆದರೆ ಓದುವುದನ್ನು ನಿಲ್ಲಿಸಲು ಮನಸ್ಸಾಗಲಿಲ್ಲ. ಅಧ್ಯಕ್ಷರೇ ಎದ್ದು ಮೈಕ್ ಬಂದ್ ಮಾಡಿದರು.

ಸಂಜೆಯೊಳಗೆ ನಮ್ಮಿಬ್ಬರನ್ನೂ ಬಳಗದ ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿದ್ದರು. ವಾರದೊಳಗೆ ಪುಸ್ತಕವೂ ನನ್ನ ಮನೆಗೆ ಬಂತು. "ಚಾಕು ತಾಗಿದ್ದು ಅವರಿಗೆ ಬೇಡವಂತೆ" ಎಂದು ತಂದುಕೊಟ್ಟ ಕಾರ್ಯದರ್ಶಿ, ದನಿ ತಗ್ಗಿಸಿ, "ಆ ಅಧಿಕಾರಿ ಕಡೆಗೆ ಎಂತ ಆದ?" ಎಂದು ಕೇಳಿದರು. ಓದಿ ಹೇಳುತ್ತೇನೆಂದು ಕಳಿಸಿದೆ. ರೇಷ್ಮೆ ಬಟ್ಟೆಯನ್ನು ಮಾತ್ರ ಅಧ್ಯಕ್ಷರು ಇಟ್ಟುಕೊಂಡಿದ್ದರು.

ಈಗ ಅವರು ಪುಸ್ತಕದ ಮೇಲಿನ ದೌರ್ಜನ್ಯ ಕುರಿತು ಊರೂರಲ್ಲಿ ಉಪನ್ಯಾಸ ಕೊಡುತ್ತಾರೆ. ಬೇಡಿಕೆ ಮೊದಲಿಗಿಂತ ಜಾಸ್ತಿಯಂತೆ.

ನಾವು ಆ ಕಾದಂಬರಿಯನ್ನು ಯಲ್ಲಾಪುರದಲ್ಲಿ, ಗೆಳತಿಯ ಅಡುಗೆಮನೆಯಲ್ಲಿ ಕೂತು ಓದಿ ಮುಗಿಸಿದೆವು. ಅವಳ ಅತ್ತೆ ಸಮೋಸ ಕರಿಯುತ್ತ ಕೇಳಿಸಿಕೊಳ್ಳುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಎಣ್ಣೆ ಸದ್ದಲ್ಲಿ ನಡುವೆ ಒಂದಷ್ಟು ಕೇಳಲೇ ಇಲ್ಲ. ಮತ್ತೊಮ್ಮೆ ಮೊದಲಿಂದ ಓದು ಬೇಟಿ" ಎಂದರು.