ಚಿಕ್ಕಮ್ಮನ ಮಣ್ಣಿಗೆ ಬಂದ ಜೆಸಿಬಿ

ಗಾಳಿಯಿಂದ ಕರೆಂಟು ತೆಗೆಯುವ ಆ ದೊಡ್ಡ ಕಂಬಗಳಿಗೆ ನಮ್ಮೂರಿನಲ್ಲಿ ಎಲ್ಲರೂ ಫ್ಯಾನು ಅಂತಲೇ ಅನ್ನುವುದು. ಫ್ಯಾನು ಬೇಡ ಅಂತ ಊರು ಟೊಂಕ ಕಟ್ಟಿ ನಿಂತಾಗ ಮುಂದೆ ಇದ್ದವನು ನನ್ನ ಅಪ್ಪ. ಗುಡ್ಡದ ಮೇಲೆ ಮೊದಲನೇ ಫ್ಯಾನಿಗೆ ಹೊಲ ಕೊಟ್ಟವನು ಅಪ್ಪನ ಒಡಹುಟ್ಟಿದ ತಮ್ಮ, ನನ್ನ ಚಿಕ್ಕಪ್ಪ. ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ.

ಅಪ್ಪನ ಸಿಟ್ಟಿನಲ್ಲಿ ಸುಳ್ಳಿರಲಿಲ್ಲ. ಫ್ಯಾನು ನಿಲ್ಲುವುದು ಗುಡ್ಡದ ಮೇಲಾದರೂ ಅದರ ಲೈನು ಹಾದುಹೋಗುವುದು ನಮ್ಮ ತೋಟಗಳ ಮೇಲೆ. ಲೈನಿನ ಕೆಳಗೆ ತೆಂಗು ಇರುವ ಹಾಗಿಲ್ಲ. ಅಜ್ಜ ನೀರು ಹೊತ್ತು ಬೆಳೆಸಿದ ಸಾಲು ಅದು. ಚಿಕ್ಕಪ್ಪನ ಮಾತಿನಲ್ಲೂ ಸುಳ್ಳಿರಲಿಲ್ಲ. ಆ ಗುಡ್ಡದ ಹೊಲದಲ್ಲಿ ಕಲ್ಲು ಬಿಟ್ಟರೆ ಬೇರೇನೂ ಬೆಳೆದದ್ದನ್ನು ನಾನು ಕಂಡಿಲ್ಲ. 'ನವಿಲಿಗೆ ಹುರುಳಿ ಬಿತ್ತಿ ಬಿತ್ತಿ ಸಾಕಾಗೈತೆ ಕಣವ್ವ' ಎಂದು ಅವನು ನನ್ನ ಹತ್ತಿರ ಎಷ್ಟೋ ಸಲ ಅಂದಿದ್ದ.

ನನ್ನನ್ನು ಕೊಟ್ಟಿರುವುದು ಅದೇ ಊರಿಗೆ. ಗಂಡನ ಮನೆ ಬಸವಣ್ಣನ ಗುಡಿಯ ಎದುರಿಗಿದೆ. ಹಾಗಾಗಿ ಗುಡಿ ಜಗಲಿಯ ಮೇಲೆ ಗಂಡಸರು ಸೇರಿ ಆಣೆ ಇಟ್ಟದ್ದನ್ನು ನಾನು ಬಾಗಿಲಲ್ಲಿ ನಿಂತೇ ಕೇಳಿದೆ. ಕರ್ಪೂರದ ಮುಂದೆ ಅಪ್ಪ ಹೇಳಿದ: 'ಕಂಪನಿಗೆ ಜಮೀನು ಕೊಟ್ಟೋರ ಮನೆಗೆ ನಾವು ಒಳ್ಳೇದಕ್ಕೂ ಇಲ್ಲ, ಕೆಟ್ಟದ್ದಕ್ಕೂ ಇಲ್ಲ. ಅವ್ರಾಗೇ ಬಂದು ಕರೆದ್ರೆ ಆಮೇಲೆ ನೋಡಾನ.' ಒಳ್ಳೇದಕ್ಕೂ ಕೆಟ್ಟದ್ದಕ್ಕೂ ಎನ್ನುವುದು ನಮ್ಮಲ್ಲಿ ಜೊತೆಯಾಗಿಯೇ ನಾಲಿಗೆಗೆ ಬರುವ ಮಾತು. ಕೆಟ್ಟದ್ದು ಅಂದರೆ ಏನು ಅಂತ ಆವತ್ತು ಯಾರೂ ಯೋಚಿಸಿದ ಹಾಗೆ ಕಾಣಲಿಲ್ಲ. ಎಲ್ಲರೂ ಹೂಂ ಅಂದರು.

ಚಿಕ್ಕಪ್ಪ ಕಂಬಕ್ಕೆ ಒರಗಿ ಕೂತಿದ್ದವನು ಎದ್ದು ಟವೆಲ್ ಕೊಡವಿದ.

'ನಾನಾಗ್ಲೇ ಸೈನ್ ಮಾಡಾಗೈತಲ್ಲಣ್ಣ' ಅಂದು ಮೆಟ್ಟಿಲಿಳಿದು ಹೋದ.

ಅಪ್ಪನಿಗೆ ಇದು ಗೊತ್ತಿರಲಿಲ್ಲ. ಆಡಿದ ಮಾತು ದೇವರ ಮುಂದೆ ಆಗಿಹೋಗಿತ್ತು. ಅಷ್ಟು ಜನರೆದುರು ಅದನ್ನು ವಾಪಸ್ಸು ತೆಗೆದುಕೊಳ್ಳುವ ಪೈಕಿ ಅಲ್ಲ ಅವನು.

ಚಿಕ್ಕಪ್ಪನ ಹೆಂಡತಿ, ನನ್ನ ಚಿಕ್ಕಮ್ಮನೇ ನನ್ನನ್ನು ಬೆಳೆಸಿದವಳು. ನನ್ನ ತಾಯಿ ಹೋದಾಗ ನನಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಚಿಕ್ಕಮ್ಮನಿಗೆ ಮಕ್ಕಳಾಗಲಿಲ್ಲ. ನನಗೂ ಅಪ್ಪನಿಗೂ ಎರಡು ಹೊತ್ತು ಮುದ್ದೆ ಬೇಯಿಸಿ ಹಾಕಿದವಳು ಅವಳು, ನನ್ನ ಮದುವೆಯಾಗುವ ತನಕ. ಆಣೆ ಇಡುವಾಗ ಹೆಂಗಸರನ್ನು ಯಾರೂ ಕರೆದಿರಲಿಲ್ಲ, ಆದ್ದರಿಂದ ಅದು ನನಗೆ ತಗಲುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡು ಹಿತ್ತಲ ಬಾಗಿಲಿಂದ ದಿನಾ ಹೋಗಿಬರುತ್ತಿದ್ದೆ. ಅಪ್ಪನಿಗೆ ಗೊತ್ತಿತ್ತು. ನಾನು ಅವನ ಮನೆಗೆ ಹೋದಾಗ ಎಲ್ಲೋ ನೋಡುತ್ತಾ, 'ಆ ಮನೇಲಿ ಏನ್ ಸಾರು ಇವತ್ತು' ಎಂದು ಕೇಳುವನು.

ಊರು ತಹಸೀಲ್ದಾರರಿಗೆ ಅರ್ಜಿ ಕೊಟ್ಟಿತು, ರಸ್ತೆಗೆ ಅಡ್ಡ ಕೂತಿತು, ಪೊಲೀಸರು ಎಬ್ಬಿಸಿದರು, ಮತ್ತೆ ಕೂತಿತು. ಗುಡ್ಡದಲ್ಲಿ ಜೆಸಿಬಿ ತನ್ನ ಪಾಡಿಗೆ ರಸ್ತೆ ಕಡಿಯುತ್ತಲೇ ಇತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಚಿಕ್ಕಮ್ಮ ಕಣದಲ್ಲಿ ಕಸ ಗುಡಿಸುತ್ತಾ ಎದೆ ಹಿಡಿದುಕೊಂಡು ಕೂತಳು. ತಿಪಟೂರಿಗೆ ಕರೆದೊಯ್ಯಲು ಕಾರು ಬರುವಷ್ಟರಲ್ಲಿ ಮುಗಿದಿತ್ತು.

ನಮ್ಮ ಕಡೆ ಸಾವಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ದೂರದ ನೆಂಟರಿಗೆ ಸುದ್ದಿ ಮುಟ್ಟಿಸುತ್ತಾರೆ, ಬನ್ನಿ ಎನ್ನುವುದಿಲ್ಲ. ಊರೊಳಗಂತೂ ಅಳುವ ದನಿ ಕೇಳಿದರೆ ಗಂಡಸರು ತಾವಾಗಿಯೇ ಹಾರೆ ಗುದ್ದಲಿ ಹಿಡಿದು ಬಂದು ಗುಂಡಿ ತೋಡುತ್ತಾರೆ. ಆ ದಿನ ಹೆಂಗಸರು ಬಂದರು. ಗಂಡಸರು ಬರಲಿಲ್ಲ. ತುರುವೇಕೆರೆ ಕಡೆಯಿಂದ ಚಿಕ್ಕಮ್ಮನ ತೌರಿನವರು ಬಂದು ಇಳಿದಾಗ ಹೆಣದ ಪಕ್ಕ ಕೂತಿದ್ದ ಗಂಡಸು ಚಿಕ್ಕಪ್ಪ ಒಬ್ಬನೇ.

ಅವಳನ್ನು ಇಡಬೇಕಾಗಿದ್ದದ್ದು ಚಿಕ್ಕಪ್ಪನ ತೋಟದಲ್ಲಿ, ಅಜ್ಜ ಅಜ್ಜಿಯ ಮಗ್ಗುಲಲ್ಲಿ. ಅದಕ್ಕೂ ಅಪ್ಪನ ತೋಟಕ್ಕೂ ನಡುವೆ ಒಂದು ಬದು ಅಷ್ಟೆ. ಅಪ್ಪ ಬೆಳಿಗ್ಗೆಯಿಂದ ಆ ಬದುವಿನ ಆಚೆ ನಿಂತಿದ್ದ. ಹೆಗಲ ಮೇಲೆ ಗುದ್ದಲಿ ಇತ್ತು. ಅವನ ಹಿಂದೆ, ಮರಗಳ ಸಂದಿಯಲ್ಲಿ, ಕೇರಿಯ ಗಂಡಸರೂ ಇದ್ದರು. ಎಲ್ಲರ ಕಣ್ಣು ಅಪ್ಪನ ಕಾಲಿನ ಮೇಲೆ. ಅವನು ಬದು ದಾಟಿದರೆ ಅವರೂ ದಾಟುತ್ತಿದ್ದರು, ಬರೆದುಕೊಡುತ್ತೇನೆ. ನಾನು ಹತ್ತಿರ ಹೋಗಿ, 'ಬಾಪ್ಪ' ಅಂದೆ. 'ಅವ್ನು ಕರೀಲಿ' ಅಂದ. ಚಿಕ್ಕಪ್ಪನ ಹತ್ತಿರ ಹೋಗಿ, 'ಒಂದು ಮಾತು ಕರೆದುಬುಡು' ಅಂದೆ. ಅವನು ಚಿಕ್ಕಮ್ಮನ ಮುಖದ ಮೇಲೆ ಕೂತ ನೊಣ ಓಡಿಸಿದ. ನನಗೆ ಇಬ್ಬರ ಮೇಲೂ ಸಿಟ್ಟು ಬರಬೇಕಿತ್ತು. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆ ಇರುತ್ತದಲ್ಲ, ಹಾಗಿತ್ತು ನನ್ನ ಒಳಗೆಲ್ಲ.

ಮಧ್ಯಾಹ್ನ ಮೀರಿತು, ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಚಿಕ್ಕಮ್ಮನ ಅಣ್ಣ ಗುಡ್ಡ ಹತ್ತಿ ಹೋಗಿ ಜೆಸಿಬಿಯವನನ್ನು ಕೇಳಿಕೊಂಡ. ಆ ಡ್ರೈವರು ಯಾವ ಊರಿನವನೋ ಏನೋ, ಪಾಪ, ಕೇಳಿದ ತಕ್ಷಣ ಬಂದ. ಊರೆಲ್ಲ ಅಡ್ಡ ಕೂತು ತಡೆಯಲು ನೋಡಿದ್ದ ಗಾಡಿ ಚಿಕ್ಕಪ್ಪನ ತೋಟದೊಳಗೆ ಬಂತು, ಯಾರೂ ಅಡ್ಡ ಬರಲಿಲ್ಲ. ಒಂದೆರಡು ಬಾರಿ ಮೂತಿ ಆಡಿಸಿತು, ಗುಂಡಿಯಾಯಿತು. ಅಷ್ಟು ಸಣ್ಣ ಹೆಂಗಸಿಗೆ ಅಷ್ಟು ದೊಡ್ಡ ಗುಂಡಿ.

ಇಳಿಸಿದ ಮೇಲೆ ಬಳಗದವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಬೇಕು, ಮೊದಲು ಗಂಡ. ಚಿಕ್ಕಪ್ಪ ಬಗ್ಗಿ ಮಣ್ಣು ಹಿಡಿದುಕೊಂಡು ಅಲ್ಲೇ ಸ್ವಲ್ಪ ಹೊತ್ತು ನಿಂತ. ಡ್ರೈವರ್ ಅದೆಲ್ಲ ಆಯಿತು ಅಂತ ತಿಳಿದನೇನೋ. ರಾಶಿ ಮಣ್ಣನ್ನು ಒಂದೇ ಸಲಕ್ಕೆ ನೂಕಿಬಿಟ್ಟ. ನನ್ನ ಸರದಿ ಬರಲೇ ಇಲ್ಲ. ಮೂತಿಯಿಂದ ತಟ್ಟಿ ಸಮ ಮಾಡಿ ಅವನು ಗಾಡಿ ಹಿಂದಕ್ಕೆ ತೆಗೆಯುವಾಗ ಚಿಕ್ಕಪ್ಪನ ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು. ನಾನು ಅಳಲಿಲ್ಲ. ಇವತ್ತಿನವರೆಗೂ ಅತ್ತಿಲ್ಲ.

ಚಿಕ್ಕಪ್ಪ ಬದುವಿನ ತನಕ ನಡೆದು ಹೋದ.

'ಇಲ್ಲೇ ಇದ್ಯಲ್ಲಣ್ಣ' ಅಂದ.

'ನೀನು ಕರೀತೀಯ ಅಂತ ನಿಂತಿದ್ದೆ ಕಣ್ಲಾ.'

'ಸಾವಿಗೆ ಯಾರಣ್ಣ ಕರೀತಾರೆ.'

ಅಪ್ಪ ಗುದ್ದಲಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿಕೊಂಡು ಮನೆಗೆ ಹೋದ. ಆಮೇಲೆ ಅಣ್ಣತಮ್ಮಂದಿರು ಮಾತಾಡಿದ್ದನ್ನು ನಾನು ನೋಡಿಲ್ಲ.

ಫ್ಯಾನುಗಳು ಬಂದವು. ಲೈನು ಬಂತು, ಅಜ್ಜನ ಸಾಲೂ ಹೋಯಿತು. ಕರ್ಪೂರ ಮುಟ್ಟಿ ಆಣೆ ಇಟ್ಟವರಲ್ಲಿ ಇಬ್ಬರು ಈಗ ಅಲ್ಲೇ ವಾಚ್‌ಮನ್ನು, ಖಾಕಿ ಅಂಗಿ ಚೆನ್ನಾಗಿ ಒಪ್ಪುತ್ತದೆ. ಮರ ಕಡಿಯುವ ದಿನ ನಾನೂ ಅಪ್ಪನೂ ನಿಂತು ನೋಡಿದೆವು. ಮರಗಳು ಬಿದ್ದವು. ಅಪ್ಪ ಎಳನೀರು ಕೊಚ್ಚಿ ಕಡಿಯುವವರಿಗೆ ಕುಡಿಯಲು ಕೊಟ್ಟ. ನನಗೆ ಏನೂ ಅನ್ನಿಸಲಿಲ್ಲ, ಅವನಿಗೂ ಅನ್ನಿಸಿದ ಹಾಗೆ ಕಾಣಲಿಲ್ಲ.

ಮೊನ್ನೆ ಅಪ್ಪ ಜ್ವರ ಬಂದು ಮಲಗಿದ್ದ. ಗಂಜಿ ತೆಗೆದುಕೊಂಡು ಹೋಗಿದ್ದೆ. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟ.

'ನಾನು ಹೋದಾಗ ನಿನ್ ಚಿಕ್ಕಪ್ಪಂಗೆ ಹೇಳವ್ವ' ಅಂದ.

'ಬರೀ ಜ್ವರ ಕಣಪ್ಪ. ಅದೂ ಅಲ್ದೆ ಅವ್ನಿಗೆ ಗೊತ್ತಾಗ್ದೆ ಇರ್ತೈತಾ, ಒಂದೇ ಬೀದಿ.'

'ಸುದ್ದಿ ಅಲ್ಲ. ನೀನೇ ಅವ್ನ ಮನೆಗೆ ಹೋಗು. ಬಾ ಅಂತ ಕರಿ.'

ಸಾವಿಗೆ ಯಾರಪ್ಪ ಕರೀತಾರೆ ಅಂತ ನನ್ನ ಬಾಯಿ ತುದಿಗೆ ಬಂತು. ಅವನು ನನ್ನನ್ನೇ ನೋಡುತ್ತಿದ್ದ.

'ಕರೀತೀನಿ ಬುಡು' ಅಂದೆ.