ಜಲೀಲ್ ಮುಹಂದಿಸರ ಪೈಪು

ಅಬ್ದುಲ್ ಜಲೀಲರು ಎಂಜಿನಿಯರಿಂಗ್ ಓದಿದವರಲ್ಲ. ಉಳ್ಳಾಲದಲ್ಲಿ ಹತ್ತನೆಯ ತರಗತಿ ಪಾಸಾಗಿ, ಜಿದ್ದಾದ ಶರಫಿಯಾದಲ್ಲಿ ಇಪ್ಪತ್ತೆರಡು ವರ್ಷ ಏಸಿ ರಿಪೇರಿ ಮಾಡಿದವರು. ಆದರೆ ಸೌದಿಯಲ್ಲಿ ಜೇಬಿನಲ್ಲಿ ಪೆನ್ನು, ಸೊಂಟದಲ್ಲಿ ಅಳತೆ ಟೇಪು ಇದ್ದವನನ್ನು ಜನ ಸಲೀಸಾಗಿ ‘ಮುಹಂದಿಸ್’, ಅಂದರೆ ಎಂಜಿನಿಯರ್, ಎಂದು ಕರೆದುಬಿಡುತ್ತಾರೆ. ಜಲೀಲರ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು.

ಆಮೇಲೆ ಅವರು ಸೌದಿಯ ಉತ್ತರದ ತುದಿಯ ತುರೈಫ್‌ಗೆ ಬಂದರು. ಅಬೂ ಹನೀನ್ ಎಂಬ ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಹನ್ನೆರಡು ಮನೆಗಳ ಕಟ್ಟಡದ ಉಸ್ತುವಾರಿ ಕೆಲಸ. ಇರಲು ನೆಲಮಹಡಿಯಲ್ಲೇ ಒಂದು ಮನೆ ಸಿಕ್ಕಿತು. ಹಾಗಾಗಿ ಊರಿನಿಂದ ಹೆಂಡತಿ ಹಲೀಮತ್ ಕೂಡ ಬಂದರು. ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಗಂಡ ಹೆಂಡತಿ ಒಂದೇ ಸೂರಿನಡಿ ಎರಡು ತಿಂಗಳಿಗಿಂತ ಹೆಚ್ಚು ಇದ್ದದ್ದು ಅದೇ ಮೊದಲು.

ತುರೈಫಿನಲ್ಲಿ ಚಳಿ ಜಾಸ್ತಿ ಎಂದು ಯಾರೋ ಎಚ್ಚರಿಸಿದಾಗ ಜಲೀಲರು ನಕ್ಕಿದ್ದರು. “ಇಪ್ಪತ್ತೆರಡು ವರ್ಷ ಚಳಿ ತಯಾರಿಸಿದವ ನಾನು. ನನಗೆ ಚಳಿಯ ಪಾಠವಾ?”

ಚಳಿ ಜನವರಿಯಲ್ಲಿ ಪಾಠ ಮಾಡಿತು. ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿಳಿದ ಒಂದು ಬೆಳಿಗ್ಗೆ, ಜಲೀಲರ ಅಡುಗೆಮನೆಯ ಪಕ್ಕದ ಪೈಪಿನ ಕೋಣೆಯಲ್ಲಿ ಕಟ್ಟಡದ ಮುಖ್ಯ ಪೈಪು ಹೆಪ್ಪುಗಟ್ಟಿ ಒಡೆಯಿತು. ನೀರು ಹೊರಗೆ ಹರಿದು ಬಾಗಿಲ ಮೆಟ್ಟಿಲ ಮೇಲೆ ಮಂಜುಗಡ್ಡೆಯಾಯಿತು. ಅಬೂ ಹನೀನ್ ಅದರ ಮೇಲೆ ಬಹಳ ಗಾಂಭೀರ್ಯದಿಂದ ಕಾಲಿಟ್ಟ, ಗಾಂಭೀರ್ಯವಿಲ್ಲದೆ ಕೂತುಬಿಟ್ಟ. ಎದ್ದವನು ಒಂದೇ ಮಾತು ಹೇಳಿದ: “ಮುಂದಿನ ಚಳಿಗಾಲ ಇನ್ನೊಮ್ಮೆ ಒಡೆದರೆ ಖಲಾಸ್. ಕಟ್ಟಡದ ಉಸ್ತುವಾರಿ ಒಂದು ಕಂಪನಿಗೆ, ನೀನು ಜಿದ್ದಾಕ್ಕೆ.”

ಜಿದ್ದಾ ಎಂದರೆ ಆರು ಜನರ ಬ್ಯಾಚುಲರ್ ರೂಮು. ಹಲೀಮತ್ ಎಂದರೆ ಮತ್ತೆ ಉಳ್ಳಾಲ.

ಆದ್ದರಿಂದ ನವೆಂಬರ್ ಹುಟ್ಟುತ್ತಿದ್ದಂತೆ ಜಲೀಲರು ಗುಲಾಮ್ ಮುಹಮ್ಮದ್ ಬಾಡರ ಅಂಗಡಿಗೆ ಹೋದರು. ಬಾಡರು ಭಟ್ಕಳದವರು, ಪೈಪು ಮತ್ತು ವಯರಿನ ವ್ಯಾಪಾರಿ. ಒಬ್ಬರ ಮನೆಮಾತು ಬ್ಯಾರಿ, ಇನ್ನೊಬ್ಬರದು ನವಾಯತಿ. ಹಾಗಾಗಿ ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಜಗಳಾಡುತ್ತಿದ್ದರು.

“ಪೈಪು ಬಿಸಿ ಮಾಡುವ ಕೇಬಲ್ ಬೇಕು. ಎಲ್ಲಕ್ಕಿಂತ ಪವರ್ ಇರುವುದು ಕೊಡಿ.”

“ಪೈಪು ಕಬ್ಬಿಣದ್ದಾ, ಪ್ಲಾಸ್ಟಿಕ್ಕಿಂದಾ?”

“ಕಬ್ಬಿಣ,” ಎಂದರು ಜಲೀಲರು, ನೋಡದೆಯೇ.

“ಎಷ್ಟು ಮೀಟರ್?”

“ಅಂದಾಜು... ಸಾಕಷ್ಟು.”

“ಸಾಕಷ್ಟು ಅಂತ ರೋಲು ಬರುವುದಿಲ್ಲ ಮಾರಾಯ್ರೆ. ಪೈಪು ಇರುವಲ್ಲಿಗೆ ಗಾಳಿ ಎಲ್ಲಿಂದ ಬರ್ತದೆ?”

“ಬಾಡರೇ, ನೀವು ಕೇಬಲ್ ಮಾರುವವರಾ, ಪೊಲೀಸರಾ?”

“ನೀವು ಕಬ್ಬಿಣ ಅಂದ್ರಿ ಅಂತ ಜೋರಿಂದು ಕೊಟ್ಟೆ, ಅದು ಪ್ಲಾಸ್ಟಿಕ್ ಆಗಿ ಕರಗಿತು, ಆಗ ಬೈಗುಳ ಯಾರಿಗೆ? ಹೋಗಿ, ಒಳಗೆ ನುಗ್ಗಿ ನೋಡಿ ಬನ್ನಿ. ಇವತ್ತು ನಾನು ಮಾರುವುದಿಲ್ಲ.”

ಬಂದ ಗಿರಾಕಿಯನ್ನು ಹೊರಗೆ ಕಳಿಸಿದ ಭಟ್ಕಳದ ವ್ಯಾಪಾರಿಯನ್ನು ಜಲೀಲರು ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ.

ತೊಂದರೆ ಏನೆಂದರೆ, ಆ ಪೈಪಿನ ಕೋಣೆಯೊಳಗೆ ಅವರು ನುಗ್ಗಿದವರೇ ಅಲ್ಲ. ಹೋದ ಚಳಿಗಾಲದ ರಿಪೇರಿಯನ್ನೂ ಬಾಗಿಲಲ್ಲಿ ನಿಂತು, ಬಂಗಾಳಿ ಪ್ಲಂಬರನಿಗೆ ಪೆನ್ನಿನಿಂದ ತೋರಿಸಿ ಮಾಡಿಸಿದ್ದರು. ಈಗ ಅವರೇ ಹೊಟ್ಟೆಯನ್ನು ಒಳಗೆಳೆದುಕೊಂಡು ಅಡ್ಡಡ್ಡವಾಗಿ ಸೇರಿಕೊಂಡರು. ಬಾಗಿಲಲ್ಲಿ ಹಲೀಮತ್ ಟಾರ್ಚು ಹಿಡಿದು ನಿಂತರು.

ಪೈಪು ಪ್ಲಾಸ್ಟಿಕ್ಕಿನದು. ಗೋಡೆಯುದ್ದಕ್ಕೂ ತಿರುಗಿ, ವಾಲ್ವುಗಳ ಹತ್ತಿರ ಗಂಟುಗಂಟಾಗಿತ್ತು. ಅಳೆದರೆ ಹದಿನೆಂಟು ಮೀಟರ್. ಮೂಲೆ ತಲುಪುತ್ತಿದ್ದಂತೆ ಮುಖಕ್ಕೆ ತಣ್ಣನೆಯ ಗಾಳಿ ರಪ್ಪನೆ ಬಡಿಯಿತು. ಅಲ್ಲೊಂದು ಸಣ್ಣ ಕಿಟಕಿ. ಚೌಕಟ್ಟಿನಲ್ಲಿ ಗಾಜೇ ಇಲ್ಲ.

“ಇದರ ಗಾಜು ತೆಗೆದ ಕತ್ತೆ ಯಾರು?”

“ನೀವೇ,” ಎಂದರು ಹಲೀಮತ್.

“ನಾನಾ? ಯಾವಾಗ?”

“ಊರಿಂದ ಒಣಮೀನು ಬಂದ ದಿನ. ಮೇಲಿನ ಮನೆಯವರು ವಾಸನೆ ಅಂತ ದೂರು ಕೊಟ್ಟದ್ದಕ್ಕೆ ಮೀನಿನ ಚೀಲ ಇಲ್ಲಿ ತೂಗುಹಾಕಿಸಿದ್ದು. ಕಿಟಕಿ ತೆರೆದಿಟ್ಟರೆ ಸಾಲುವುದಿಲ್ಲ, ಗಾಳಿ ಆಡಬೇಕು ಅಂತ ಬಾಗಿಲಲ್ಲೇ ನಿಂತು ಪ್ಲಂಬರನ ಕೈಯಲ್ಲಿ ಗಾಜು ತೆಗೆಸಿದ್ರಲ್ಲ. ಮರೆತೇ ಹೋಯ್ತಾ?”

ಜಲೀಲರು ತಲೆಯೆತ್ತಿದರು. ಒಡೆದು ಬೆಸೆದ ಜಾಗಕ್ಕೆ ಸರಿಯಾಗಿ ಮೇಲೆ, ಬಂಗುಡೆ ಮತ್ತು ನಂಗಿನ ಚೀಲ ನೆಮ್ಮದಿಯಾಗಿ ತೂಗುತ್ತಿತ್ತು. ಹೋದ ಜನವರಿಯಲ್ಲಿ ಅಬೂ ಹನೀನನನ್ನು ಮೆಟ್ಟಿಲ ಮೇಲೆ ಕೂರಿಸಿದ್ದು ತುರೈಫಿನ ಚಳಿಯಲ್ಲ, ಉಳ್ಳಾಲದ ಒಣಮೀನು.

“ಯಾರಿಗೂ ಹೇಳ್ಬೇಡ,” ಎಂದರು, ಒಳಗಿನಿಂದಲೇ.

“ನಾನು ಯಾರಿಗೆ ಹೇಳ್ಲಿ? ನನಗೆ ಅರಬಿ ಬರ್ತದಾ? ಮೊದಲು ನೀವು ಹೊರಗೆ ಬನ್ನಿ.” ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಕೊನೆಗೆ ಹಲೀಮತ್ ಕೈ ಹಿಡಿದು ಎಳೆಯಬೇಕಾಯಿತು.

ಮರುದಿನ ಬಾಡರ ಮುಂದೆ ಜಲೀಲರು ಬರೆದುಕೊಂಡ ಚೀಟಿ ಓದಿದರು. ಕಿಟಕಿಯ ಮಾತು ಬಂದಾಗ ದನಿ ತಗ್ಗಿಸಿದರು. ಮೀನಿನ ಮಾತು ಬಂದಾಗ ಬಾಡರು ಕುರ್ಚಿಯಿಂದ ಎದ್ದೇ ನಿಂತರು.

“ಎಂಥ ಮೀನು?”

“ನಂಗು. ಬಂಗುಡೆಯೂ ಉಂಟು.”

“ಆರು ತಿಂಗಳಾಯ್ತು ನಾನು ನಂಗು ನೋಡಿ! ಗಾಜು ಹಾಕಿಸಿ, ಚೀಲ ಇಲ್ಲಿಗೆ ತನ್ನಿ. ನನ್ನ ಗೋಡೌನಿಗೆ ನೆರೆಮನೆ ಇಲ್ಲ.” ಆಮೇಲೆ ನಿಧಾನವಾಗಿ ಎರಡು ರೋಲು ಮೇಜಿನ ಮೇಲಿಟ್ಟರು. “ಇದು ಒಂದೇ ಸಮ ಬಿಸಿ ಕೊಡ್ತಾ ಇರ್ತದೆ, ವಾಲ್ವಿನ ಹತ್ತಿರ ಒಂದರ ಮೇಲೊಂದು ಸುತ್ತಿದ್ರೆ ಸುಡ್ತದೆ. ಈ ಇನ್ನೊಂದು ಚಳಿ ಹೆಚ್ಚಾದ್ರೆ ಬಿಸಿ ಹೆಚ್ಚು ಮಾಡ್ತದೆ, ಕಡಿಮೆಯಾದ್ರೆ ತಾನೇ ತಗ್ಗಿಸ್ತದೆ. ಪ್ಲಾಸ್ಟಿಕ್ಕಿಗೆ ಇದೇ. ಪವರ್ ಕಡಿಮೆ ಅಂತ ಬೇಜಾರು ಮಾಡ್ಬೇಡಿ.”

ಜಲೀಲರು ಬೇಜಾರು ಮಾಡಲಿಲ್ಲ. ಪೈಪಿನುದ್ದಕ್ಕೂ ಕೇಬಲ್ಲನ್ನು ತಮ್ಮ ಕೈಯಾರೆ ಎಳೆದರು, ಅಲ್ಯೂಮಿನಿಯಂ ಟೇಪು ಅಂಟಿಸಿದರು, ಮೇಲೆ ಫೋಮಿನ ಕವಚ ತೊಡಿಸಿದರು. ಕಿಟಕಿಗೆ ಹೊಸ ಗಾಜು ಕೂರಿಸಿದರು.

ಜನವರಿಯಲ್ಲಿ ಪಾದರಸ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ ಹೋದ ಬೆಳಿಗ್ಗೆ ಅಬೂ ಹನೀನ್ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಹನ್ನೆರಡು ಮನೆಯ ನಲ್ಲಿಗಳನ್ನೂ ಒಂದೊಂದಾಗಿ ತಿರುಗಿಸಿದ. ಹನ್ನೆರಡರಲ್ಲೂ ನೀರು ಬಂತು.

“ಅದ್ಭುತ ಕೇಬಲ್!” ಎಂದ.

ಹೌದು ಎಂದಿದ್ದರೆ ಮುಗಿದಿತ್ತು. ಜಲೀಲರು ಹಾಗೆನ್ನಲೆಂದೇ ಬಾಯಿ ತೆರೆದರು. ಆದರೆ ಪಕ್ಕದಲ್ಲಿ ಹಲೀಮತ್ ಇದ್ದರು, ಅವರನ್ನೇ ನೋಡುತ್ತಿದ್ದರು.

“ಕೇಬಲ್ ಅರ್ಧ, ಕಿಟಕಿ ಅರ್ಧ,” ಎಂದರು ಜಲೀಲರು. “ಹೋದ ವರ್ಷ ಗಾಜು ತೆಗೆಸಿದ್ದು ನಾನೇ.” ಮೀನಿನ ಕತೆಯನ್ನೂ ಹೇಳಿದರು.

 ಅಬೂ ಹನೀನನ ಕೈ ಬೆನ್ನ ಕೆಳಗೆ, ಹೋದ ವರ್ಷ ನೋವಾದ ಜಾಗವನ್ನು ಸವರಿತು. ಆಮೇಲೆ ಅವನು ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಕಂಪನಿಯವನು ಇದನ್ನು ನನಗೆ ಹೇಳುತ್ತಿರಲಿಲ್ಲ,” ಎಂದ. “ಹೆಂಡತಿ ಇಲ್ಲೇ ಉಳಿಯಲು ಬೇಕಾದ ಇಕಾಮಾ ನವೀಕರಣಕ್ಕೆ ಪಾಸ್‌ಪೋರ್ಟು ನಾಳೆ ತಾ.”

ಹಲೀಮತ್‌ಗೆ ಅರಬಿ ಬರುತ್ತಿರಲಿಲ್ಲ. “ಎಂತ ಹೇಳಿದ್ರು?” ಎಂದು ಕೇಳಿದರು.

“ಚಾ ಇಡಬೇಕಂತೆ,” ಎಂದರು ಜಲೀಲರು. ಉಳಿದದ್ದನ್ನು ಅವರು ಚಾ ಕುದಿಯುವಾಗ ಒಲೆಯ ಪಕ್ಕ ನಿಂತು ಹೇಳಿದರು.